ಓಲೆಗರಿ ಬಿಚ್ಚಿದ ವಕೀಲರು: ಡಾ. ಫ. ಗು. ಹಳಕಟ್ಟಿ



ಸೊಲ್ಲಾಪುರದ ನವಿ ಪೇಠದಲ್ಲಿ ನಾಲ್ಕು ಜನ ಸೇರಿ ಧರ್ಮದ ಮಾತು ತೆಗೆದರೆ, ನಾವೆಲ್ಲ ಮೊದಲು ನೋಡುವುದು ಹಿರಿಯರ ಮುಖವನ್ನು. ಅವರು ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ. ಹಿರಿಯರನ್ನು ಗೌರವಿಸುವುದು ತಪ್ಪಲ್ಲ. ಆದರೆ ಅವರ ಮಾತಿಗೇ ಹುಡುಕಾಟ ಮುಗಿದುಹೋದರೆ ಏನನ್ನು ಕಳೆದುಕೊಳ್ಳುತ್ತೇವೆ ಎಂಬುದನ್ನು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಬಾಳು ನಮಗೆ ತಿಳಿಸುತ್ತದೆ.

1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಅವರು ಕಾನೂನು ಓದಿ ವಿಜಾಪುರದಲ್ಲಿ ವಕೀಲರಾದರು. ಆಗ ವಿಜಾಪುರ, ಸೊಲ್ಲಾಪುರ ಎರಡೂ ಮುಂಬಯಿ ಪ್ರಾಂತದಲ್ಲಿದ್ದವು. ಸಮಾಜದ ಧನಿಕರೂ ಪಂಡಿತರೂ ಧರ್ಮದ ಆಧಾರವನ್ನು ಹೆಚ್ಚಾಗಿ ಸಂಸ್ಕೃತ ಗ್ರಂಥಗಳಲ್ಲಿ ಅರಸುತ್ತಿದ್ದ ಕಾಲವದು. ನಮ್ಮ ಸೊಲ್ಲಾಪುರದ ವಾರದ ಮಲ್ಲಪ್ಪನವರು ತಮ್ಮ ಹಣದಿಂದ ಅಂಥ ಗ್ರಂಥಗಳನ್ನು ಅಚ್ಚು ಹಾಕಿಸಿದರು. ಅದು ಉಪಕಾರದ ಕೆಲಸವೇ ಸರಿ. ಆದರೆ ದೊಡ್ಡವರ ದೃಷ್ಟಿ ಹರಿದತ್ತಲೇ ಎಲ್ಲರ ದೃಷ್ಟಿಯೂ ಹರಿಯಿತು. ಶರಣರ ವಚನಗಳ ಓಲೆಗರಿಗಳು ಮಠ-ಮನೆಗಳ ಗಂಟುಗಳಲ್ಲಿ ಪೂಜೆಗೊಳ್ಳುತ್ತಲೇ ಹುಳುವಿನ ಬಾಯಿಗೆ ಬೀಳುತ್ತಿದ್ದವು.

ಹಳಕಟ್ಟಿಯವರು ಊರೂರು ತಿರುಗಿ ಆ ಗಂಟುಗಳನ್ನು ಬಿಚ್ಚಿಸಿದರು. ಪ್ರತಿ ಮಾಡಿದರು, ಹೋಲಿಸಿ ನೋಡಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, ಮರುವರ್ಷ ಶಿವಾನುಭವ ಪತ್ರಿಕೆ ಆರಂಭವಾದವು. ಈ ಕಾಯಕಕ್ಕಾಗಿ ಮನೆಯನ್ನೂ ಮಾರಿದರು. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯ ಗೌರವ ಅವರಿಗೆ ಸಂದಿತು.

ಹೀಗೆ ಅವರೂ ಸಮಾಜ ಕಿವಿಗೊಡುವ ಹಿರಿಯರಾದರು. ಆದರೆ ಅವರು ತಮ್ಮ ತೀರ್ಪನ್ನಷ್ಟೇ ಕೊಡಲಿಲ್ಲ, ಮೂಲವನ್ನೇ ನಮ್ಮ ಕೈಗಿತ್ತರು. ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ, ನಮ್ಮ ಸೊನ್ನಲಿಗೆಯ ಸಿದ್ಧರಾಮ, ಎಲ್ಲರ ಮಾತನ್ನೂ ಅಕ್ಷರ ಬಲ್ಲವರು ತಾವೇ ಓದುವಂತಾಯಿತು. ಮುಂದಿನ ವಿದ್ವಾಂಸರು ಹಳಕಟ್ಟಿಯವರ ಪಾಠಗಳನ್ನೂ ತಿದ್ದಿದರು. 1993ರಲ್ಲಿ ಕರ್ನಾಟಕ ಸರಕಾರ ಸಮಗ್ರ ವಚನ ಸಂಪುಟಗಳನ್ನು 15 ಭಾಗಗಳಲ್ಲಿ ಹೊರತಂದಿತು. ಇದರಿಂದ ಅವರ ಹಿರಿಮೆ ಕುಂದಲಿಲ್ಲ. ಅವರು ಬಿತ್ತಿದ ಬೀಜವೇ ಫಲ ಕೊಟ್ಟಿತು.

1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು. ಭಾವಚಿತ್ರಕ್ಕೆ ಹಾರ ಹಾಕಿದರಷ್ಟೇ ಅವರ ಋಣ ತೀರದು. ಗಡಿನಾಡಿನ ನಮ್ಮ ಮನೆಗಳಲ್ಲಿ ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಾರೆ. ಸಂಜೆ ಒಂದು ವಚನವನ್ನಾದರೂ ಅವರೊಡನೆ ಓದೋಣ. ಅರ್ಥವನ್ನು ಮೊದಲು ಚಿಕ್ಕವರು ಹೇಳಲಿ, ಹಿರಿಯರಾದ ನಾವು ಕೊನೆಗೆ ಮಾತಾಡೋಣ.