ಬಡವರ ವಕೀಲ ಕುದ್ಮುಲ್ ರಂಗರಾವ್

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಉಚಿತ ಕಾನೂನು ನೆರವು ಇಂದು ಶಾಸನಬದ್ಧ ಹಕ್ಕಾಗಿದೆ. ಅಂತಹ ಶಾಸನವಿಲ್ಲದ ಕಾಲದಲ್ಲಿ ಈ ಕಾರ್ಯವನ್ನು ಕೈಗೊಂಡ ಮಂಗಳೂರಿನ ವಕೀಲರೊಬ್ಬರ ಜೀವನ ಪರಿಚಯವನ್ನು ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಅರ್ಜಿದಾರರ ಅವಗಾಹನೆಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವೃತ್ತಿ

ಶ್ರೀ ಕುದ್ಮುಲ್ ರಂಗರಾವ್ ಅವರು ದಿನಾಂಕ 29-6-1859ರಂದು ಕಾಸರಗೋಡು ಸೀಮೆಯ ಕುದ್ಮುಲ್‌ನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಮಂಗಳೂರಿಗೆ ಬಂದು ಕೆಲಕಾಲ ಶಿಕ್ಷಕರಾಗಿದ್ದು, ಅನಂತರ ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು. ಬಡ ಕಕ್ಷಿದಾರರ ಪರವಾಗಿ ವಾದಿಸಿ ಬಡವರ ವಕೀಲರೆಂದೇ ಹೆಸರಾದರು. ನ್ಯಾಯಾಲಯದಲ್ಲಿ ದಲಿತರೊಬ್ಬರು ಜವಾನರಾಗಿ ನೇಮಕಗೊಂಡುದಕ್ಕೆ ಎದ್ದ ವಿರೋಧವನ್ನು ಅವರು ಕಂಡರು. ನ್ಯಾಯಾಲಯದ ಬಾಗಿಲು ತೆರೆದಿದ್ದರೂ ಒಳಗೆ ಬರುವ ಧೈರ್ಯ, ಕಾಗದಪತ್ರ ಓದುವ ಅಕ್ಷರ ಮತ್ತು ನಿಲ್ಲಲು ನೆಲ ಇಲ್ಲದವರಿಗೆ ನ್ಯಾಯ ದೊರೆಯದೆಂಬುದು ಅವರಿಗೆ ಮನವರಿಕೆಯಾಯಿತು.

ಶಾಲೆ, ನೆಲ ಮತ್ತು ಪ್ರಾತಿನಿಧ್ಯ

1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಮಕ್ಕಳು ಶಾಲೆಗೆ ಬಂದರೆ ಮನೆಗೆ ಕೂಲಿ ತಪ್ಪುತ್ತಿದ್ದುದರಿಂದ, ಹಾಜರಾದ ಮಕ್ಕಳಿಗೆ ದಿನಕ್ಕೆ ಎರಡು ಪೈಸೆ ನೀಡುವ ಏರ್ಪಾಡು ಮಾಡಿದರು. ಮಧ್ಯಾಹ್ನದ ಊಟ, ವಿದ್ಯಾರ್ಥಿನಿಲಯ ಹಾಗೂ ನೇಯ್ಗೆ, ಮರಗೆಲಸಗಳ ತರಬೇತಿಯೂ ದೊರೆಯಿತು. ಮನೆ ನಿವೇಶನವಿಲ್ಲದವರಿಗೆ ನೆಲ ಕೊಡಿಸಲು ಶ್ರಮಿಸಿದರು. ಮಂಗಳೂರು ಪುರಸಭೆ ಹಾಗೂ ಜಿಲ್ಲಾ ಬೋರ್ಡಿಗೆ ದಲಿತ ಸದಸ್ಯರು ನಾಮಕರಣಗೊಳ್ಳುವಂತೆ ನೋಡಿಕೊಂಡರು. ಸ್ವಜಾತಿಯ ಬಹಿಷ್ಕಾರಕ್ಕೆ ಗುರಿಯಾದರೂ ಕಾರ್ಯವನ್ನು ಕೈಬಿಡಲಿಲ್ಲ. ವಿಧವೆಯಾಗಿದ್ದ ಮಗಳು ರಾಧಾಬಾಯಿಯವರ ಅಂತರ್ಜಾತಿ ಮರುವಿವಾಹಕ್ಕೂ ಸಮ್ಮತಿಸಿದರು.

ನಿಧನ ಮತ್ತು ಸ್ಮರಣೆ

ದಿನಾಂಕ 30-1-1928ರಂದು ನಿಧನರಾದರು. ತಮ್ಮ ಶಾಲೆಯಲ್ಲಿ ಓದಿದ ಮಗುವೊಂದು ಮುಂದೆ ಅಧಿಕಾರದ ಹುದ್ದೆಗೇರಿ, ಅದರ ವಾಹನದ ಧೂಳು ತಮ್ಮ ತಲೆಯ ಮೇಲೆ ಬಿದ್ದರೆ ಜನ್ಮ ಸಾರ್ಥಕವೆಂಬುದು ಅವರ ಆಶಯವಾಗಿತ್ತು. ಮಂಗಳೂರಿನ ಪುರಭವನಕ್ಕೆ ಅವರ ಹೆಸರನ್ನಿಡಲಾಗಿದೆ.

ಅರ್ಜಿದಾರರ ಗಮನಕ್ಕೆ

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಕಲಂ 12ರ ಪ್ರಕಾರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಮಹಿಳೆಯರು ಹಾಗೂ ಮಕ್ಕಳು ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ವಕೀಲರ ಸೇವೆ, ನ್ಯಾಯಾಲಯ ಶುಲ್ಕ ಮತ್ತು ದಾಖಲೆಗಳ ತಯಾರಿಕೆ ಇದರಲ್ಲಿ ಸೇರಿವೆ. ಅರ್ಜಿ ಬರೆಯಲು ಬಾರದವರು ಮೌಖಿಕವಾಗಿಯೂ ಕೋರಿಕೆ ಸಲ್ಲಿಸಬಹುದು. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಅಥವಾ ಚಿಕ್ಕಮಗಳೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಬಹುದು. ಸಹಾಯವಾಣಿ: 15100.