ವಿಲ್ಯಮ್ ಕೇರಿಯವರೂ ಶ್ರೀರಾಮಪುರದ ಬೆಂಕಿಯೂ

ದೇವರ ಶಿಕ್ಷೆಯೆಂಬ ಮಾತನ್ನು ನಮ್ಮ ಸಭೆಗಳಲ್ಲಿ ಹೆಚ್ಚಾಗಿ ಒಂದೇ ಅರ್ಥದಲ್ಲಿ ಆಡುವದುಂಟು. ಎತ್ತು ಸತ್ತರೆ, ಮಳೆ ತಪ್ಪಿದರೆ, ಕೂಸು ತೀರಿಹೋದರೆ, ಇದು ಯಾವ ಪಾಪಕ್ಕೆ ಬಂದ ದಂಡನೆಯೆಂದು ನೆರೆಯವರು ಕೇಳುತ್ತಾರೆ. ವಿಶ್ವಾಸಿಯೂ ರಾತ್ರಿಯಲ್ಲಿ ಅದನ್ನೇ ತನ್ನೊಳಗೆ ಕೇಳಿಕೊಳ್ಳುತ್ತಾನೆ. ಇಬ್ರಿಯರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯವಾದರೋ ದೇವರ ಶಿಕ್ಷೆಯನ್ನು ತಂದೆಯು ಮಗನನ್ನು ತಿದ್ದಿ ಬೆಳೆಸುವ ಕೆಲಸವೆಂದು ತಿಳಿಸುತ್ತದೆ. ಈ ಭೇದವನ್ನು ವಿಲ್ಯಮ್ ಕೇರಿಯವರು ಬಹು ಕಷ್ಟದಿಂದ ಕಲಿತರು.

ಅವರು 1761ರ ಆಗಸ್ಟ್ 17ರಂದು ಇಂಗ್ಲೆಂಡಿನ ಪಾಲರ್ಸ್‌ಪುರಿ ಎಂಬ ಹಳ್ಳಿಯಲ್ಲಿ ನೇಕಾರನೊಬ್ಬನ ಮಗನಾಗಿ ಹುಟ್ಟಿದರು. ಕಲಿತ ಕಸಬು ಜೋಡು ಹೊಲಿಯುವದು. ಆ ಕಸಬನ್ನು ಮಾಡುತ್ತಲೇ ಲತೀನ, ಗ್ರೀಕ್, ಇಬ್ರಿಯ ಭಾಷೆಗಳನ್ನು ಕಲಿತು ಸಭಾಬೋಧಕರಾದರು. 1793ರಲ್ಲಿ ಹೆಂಡತಿ ಮಕ್ಕಳೊಡನೆ ಬಂಗಾಳಕ್ಕೆ ಬಂದರು. ಹೊಟ್ಟೆಪಾಡಿಗಾಗಿ ಮದನಾವತಿಯ ನೀಲಿ ಕಾರಖಾನೆಯನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಮರುವರುಷ ಅಲ್ಲಿ ಅವರ ಐದು ವರುಷದ ಮಗನಾದ ಪೀಟರ್ ರೋಗದಿಂದ ಸತ್ತನು. ಕುಣಿ ತೋಡುವದಕ್ಕೂ ಶವ ಹೊರುವದಕ್ಕೂ ಜನರು ಜಾತಿಭಯದಿಂದ ಹಿಂಜರಿದರು. ತಂದೆಯು ತಾನೇ ಜ್ವರದಿಂದ ಬಳಲುತ್ತಿದ್ದನು. ಊರ ಸ್ಮಶಾನದಲ್ಲಿ ಸ್ಥಳ ಸಿಕ್ಕದೆ ಅಲೆದ ನಮ್ಮ ಓದುಗರಿಗೆ ಈ ಸಂಗತಿಯನ್ನು ವಿವರಿಸುವ ಅಗತ್ಯವಿಲ್ಲ.

ತಾಯಿಯಾದ ಡೊರೊಥಿಯಮ್ಮನವರ ಬುದ್ಧಿಯು ಬಳಿಕ ಕೆಟ್ಟುಹೋಯಿತು. ಅವರು 1807ರಲ್ಲಿ ತೀರಿಕೊಳ್ಳುವ ತನಕ ಸ್ವಸ್ಥರಾಗಲಿಲ್ಲ. ಗಂಡನನ್ನು ತಿದ್ದುವದಕ್ಕಾಗಿ ದೇವರು ಹೆಂಡತಿಯ ಬುದ್ಧಿಯನ್ನು ಕೆಡಿಸಿದನೆಂದು ಹೇಳಲು ನಮಗೆ ಧೈರ್ಯವಿಲ್ಲ. ಆಕೆ ಮನಸ್ಸಿಲ್ಲದೆ ಹಡಗು ಹತ್ತಿದವರು. ಇದರ ಹೊಣೆ ಸ್ವಲ್ಪವಾದರೂ ಗಂಡನ ಮೇಲಿತ್ತೆಂದು ನಮ್ಮ ಅಭಿಪ್ರಾಯ.

1800ರ ಜನವರಿಯಲ್ಲಿ ಕೇರಿಯವರು ಡೇನರ ಅಧೀನದಲ್ಲಿದ್ದ ಶ್ರೀರಾಮಪುರಕ್ಕೆ ಹೋಗಿ ಮಾರ್ಷ್‌ಮನ್, ವಾರ್ಡ್ ಎಂಬವರೊಂದಿಗೆ ಕೆಲಸಮಾಡತೊಡಗಿದರು. ಅದೇ ವರುಷದ ಡಿಸೆಂಬರ್ 28ರಂದು ಬಡಗಿಯಾದ ಕೃಷ್ಣಪಾಲನು ದೀಕ್ಷಾಸ್ನಾನ ಹೊಂದಿದನು. ಏಳು ವರುಷಗಳ ಮೇಲೆ ಇದೇ ಮೊದಲನೆಯ ಫಲ. 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆ ಅಚ್ಚಾಯಿತು. ಬಳಿಕ ಭಾಷೆಯ ಮೇಲೆ ಭಾಷೆ, ಪುಸ್ತಕದ ಮೇಲೆ ಪುಸ್ತಕ. ಕೇರಿಯವರ ಹೆಸರು ದೊಡ್ಡದಾಯಿತು.

1812ರ ಮಾರ್ಚ್ 11ರ ಸಾಯಂಕಾಲ ಅಚ್ಚುಕೂಟಕ್ಕೆ ಬೆಂಕಿ ಬಿದ್ದಿತು. ಕೇರಿಯವರು ಕಲ್ಕತ್ತೆಯಲ್ಲಿದ್ದರು, ಮಾರ್ಷ್‌ಮನ್ನರು ಮರುದಿನ ಹೋಗಿ ತಿಳಿಸಿದರು. ಕಾಗದದ ರಾಶಿಯೂ ಅಚ್ಚುಮೊಳೆಗಳೂ ಹಾಳಾದವು. ಅವುಗಳನ್ನು ಹಣದಿಂದ ಕೊಳ್ಳಬಹುದಾಗಿತ್ತು. ಆದರೆ ಕೈಬರಹಗಳೂ ಸುಟ್ಟುಹೋದವು. ಅವುಗಳಲ್ಲಿ ನಮ್ಮ ಕನ್ನಡದ ಹೊಸ ಒಡಂಬಡಿಕೆಯಿತ್ತು, ತೆಲುಗು ವ್ಯಾಕರಣವಿತ್ತು, ಸಂಸ್ಕೃತವನ್ನೂ ಅದಕ್ಕೆ ಸಂಬಂಧಪಟ್ಟ ಭಾಷೆಗಳನ್ನೂ ಕೂಡಿಸಿ ಬರೆಯುತ್ತಿದ್ದ ಮಹಾ ನಿಘಂಟಿತ್ತು.

ಕೇರಿಯವರು ಬೂದಿಯ ಮುಂದೆ ನಿಂತು ಕಣ್ಣೀರು ಸುರಿಸಿದರು. ಆದರೆ ಯಾರ ತಪ್ಪಿನಿಂದ ಬೆಂಕಿ ಬಿದ್ದಿತೆಂದು ಹುಡುಕುವದರಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ಮುಂದಿನ ಭಾನುವಾರ 46ನೆಯ ಕೀರ್ತನೆಯ ಮೇಲೆ ಪ್ರಸಂಗಮಾಡಿ, ತಮ್ಮೆಲ್ಲವನ್ನೂ ಇಚ್ಛೆಬಂದಂತೆ ನಡಿಸುವ ಹಕ್ಕು ದೇವರಿಗುಂಟೆಂದೂ ಅದಕ್ಕೆ ಒಪ್ಪಿಕೊಳ್ಳುವದು ನಮ್ಮ ಕರ್ತವ್ಯವೆಂದೂ ಬೋಧಿಸಿದರು. ತಮ್ಮ ಸ್ವಂತ ಶಕ್ತಿಯ ಮೇಲಿನ ಭರವಸೆಯನ್ನು ತಗ್ಗಿಸುವದಕ್ಕೆ ಇದು ಬಂತೆಂದು ಎಣಿಸಿದರು. ಒಪ್ಪಿಕೊಂಡ ಮೇಲೆ ಸುಮ್ಮನೆ ಕೂತರೆಂದು ಯಾರೂ ತಿಳಿಯಬಾರದು. ಬೂದಿಯಲ್ಲಿ ಅಚ್ಚಿನ ಮೂಲ ಪಡಿಗಳು ಕೆಡದೆ ಸಿಕ್ಕಿದವು. ಕರಗಿದ ಲೋಹದಿಂದಲೇ ಹೊಸ ಮೊಳೆಗಳನ್ನು ಎರಕಹೊಯ್ದರು. ಸುದ್ದಿ ಇಂಗ್ಲೆಂಡಿಗೆ ಮುಟ್ಟಿದ ಎರಡು ತಿಂಗಳೊಳಗೆ ನಷ್ಟಕ್ಕೆ ಬೇಕಾದ ಹಣ ಕೂಡಿತು.

ಹಣದ ಸಂಗಡ ಹೊಗಳಿಕೆಯೂ ಬಂದಿತು. ಅಲ್ಲಿನ ಸಂಘದ ಕಾರ್ಯದರ್ಶಿಗಳಾದ ಆಂಡ್ರೂ ಫುಲ್ಲರರು ಇದಕ್ಕಾಗಿಯೇ ಭಯಪಟ್ಟು ಎಚ್ಚರಿಕೆ ಬರೆದರು. ಬೆಂಕಿಗಿಂತಲೂ ಇದು ಕಠಿಣ ಶೋಧನೆಯೆಂದು ನಮಗೆ ತೋರುತ್ತದೆ.

ಕೇರಿಯವರು ಕನ್ನಡದ ಕೆಲಸವನ್ನು ಮೊದಲಿನಿಂದ ತಿರಿಗಿ ಹಿಡಿದರು. 1817ರಲ್ಲಿ ಅವರ ಕನ್ನಡ ವ್ಯಾಕರಣವೂ 1823ರಲ್ಲಿ ಕನ್ನಡ ಹೊಸ ಒಡಂಬಡಿಕೆಯೂ ಶ್ರೀರಾಮಪುರದಲ್ಲಿ ಅಚ್ಚಾದವು. ಆ ಮಹಾ ನಿಘಂಟು ಮಾತ್ರ ಮತ್ತೆ ಹುಟ್ಟಲಿಲ್ಲ. 1834ರ ಜೂನ್ 9ರಂದು ಅವರು ನಿದ್ರೆಹೋದರು. ಸಮಾಧಿಯ ಕಲ್ಲಿನ ಮೇಲೆ ತಮ್ಮ ಹೆಸರು, ಹುಟ್ಟಿದ ಹಾಗೂ ಸತ್ತ ದಿನಗಳು, ದೇವರ ಕೃಪೆಯನ್ನು ಆತುಕೊಳ್ಳುವ ಪಾಪಿಯ ಹಾಡಿನ ಎರಡು ಸಾಲು, ಇವುಗಳ ಹೊರತು ಇನ್ನೇನನ್ನೂ ಕೆತ್ತಬಾರದೆಂದು ಮೊದಲೇ ಅಪ್ಪಣೆ ಬರೆದಿಟ್ಟಿದ್ದರು.