ವೈಮಾನಿಕ ಜೆ. ಆರ್. ಡಿ. ಟಾಟಾ

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ವಿಮಾನಯಾನವು ಸಾಹಸಿಗಳ ಕ್ಷೇತ್ರವಾಗಿತ್ತು. ದೂರವನ್ನೂ ಕಾಲವನ್ನೂ ಗೆದ್ದ ವೈಮಾನಿಕರು ಚಲನಚಿತ್ರ ನಟರಷ್ಟೇ ಜನಪ್ರಿಯರಾಗಿದ್ದರು. 1930ರ ಮೇ ತಿಂಗಳಲ್ಲಿ ಏಮಿ ಜಾನ್ಸನ್ ಎಂಬ ತರುಣಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಒಂಟಿಯಾಗಿ ಹಾರಿದಾಗ ಆಕೆಯನ್ನು ಕುರಿತು ಹಾಡುಗಳೇ ಹುಟ್ಟಿಕೊಂಡವು. ಅದೇ ತಿಂಗಳು ಭಾರತದ ತರುಣರೂ ಅಂತಹುದೇ ಒಂದು ಸ್ಪರ್ಧೆಗೆ ಇಳಿದಿದ್ದರು. ಅವರಲ್ಲೊಬ್ಬರು ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ.

ಜೆ. ಆರ್. ಡಿ. ಎಂದೇ ಹೆಸರಾದ ಇವರು 1904ರ ಜುಲೈ 29ರಂದು ಪ್ಯಾರಿಸಿನಲ್ಲಿ ಜನಿಸಿದರು. ತಂದೆ ಪಾರ್ಸಿ ಮನೆತನದವರು. ತಾಯಿ ಫ್ರೆಂಚ್ ಮಹಿಳೆ. ಹದಿನೈದರ ಹರೆಯದಲ್ಲಿ ಮೊದಲ ಬಾರಿ ವಿಮಾನವೇರಿದಾಗಲೇ ಹಾರಾಟದ ಹಂಬಲ ಅವರಲ್ಲಿ ಬೇರೂರಿತು. 1929ರ ಫೆಬ್ರವರಿ 10ರಂದು, ಭಾರತದಲ್ಲಿ ನೀಡಲಾದ ಮೊತ್ತಮೊದಲ ವಿಮಾನ ಚಾಲನಾ ಪರವಾನಗಿ ಅವರಿಗೆ ದೊರೆಯಿತು.

ಭಾರತ ಹಾಗೂ ಇಂಗ್ಲೆಂಡುಗಳ ನಡುವೆ ಒಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ ಆಗಾ ಖಾನರು 500 ಪೌಂಡುಗಳ ಬಹುಮಾನವನ್ನು ಘೋಷಿಸಿದ್ದರು. ಜೆ. ಆರ್. ಡಿ. ಕರಾಚಿಯಿಂದ ಹೊರಟರು. ಹದಿನೇಳು ವರ್ಷದ ಅಸ್ಪಿ ಎಂಜಿನಿಯರ್ ಇಂಗ್ಲೆಂಡಿನಿಂದ ಹೊರಟಿದ್ದನು. ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಳಿ ಇಳಿದ ಜೆ. ಆರ್. ಡಿ., ಸ್ಪಾರ್ಕ್ ಪ್ಲಗ್ ಇಲ್ಲದೆ ಅಸ್ಪಿಯ ವಿಮಾನ ನಿಂತಿರುವುದನ್ನು ಕಂಡರು. ಮೌನವಾಗಿ ಮುಂದೆ ಸಾಗಿದ್ದರೆ ಗೆಲುವು ಅವರದಾಗುವ ಸಂಭವವಿತ್ತು. ಆದರೆ ಅವರು ತಮ್ಮಲ್ಲಿದ್ದ ಪ್ಲಗ್ಗನ್ನು ಎದುರಾಳಿಗೆ ಕೊಟ್ಟರು. ಅಸ್ಪಿ ಅಲ್ಪ ಅಂತರದಲ್ಲಿ ಬಹುಮಾನವನ್ನು ಗೆದ್ದನು. ಮುಂದೆ ಭಾರತೀಯ ವಾಯುಪಡೆಯ ಮುಖ್ಯಸ್ಥನೂ ಆದನು.

ಸೋಲು ಜೆ. ಆರ್. ಡಿ. ಅವರ ಉತ್ಸಾಹವನ್ನು ಕುಂದಿಸಲಿಲ್ಲ. 1932ರ ಅಕ್ಟೋಬರ್ 15ರಂದು ಅವರು ಪುಟ್ಟದೊಂದು ವಿಮಾನದಲ್ಲಿ ಅಂಚೆಯ ಚೀಲಗಳನ್ನಿರಿಸಿಕೊಂಡು ಕರಾಚಿಯಿಂದ ಮುಂಬಯಿಗೆ ಹಾರಿ ಬಂದರು. ನಡುವೆ ಅಹಮದಾಬಾದಿನಲ್ಲಿ ವಿಮಾನಕ್ಕೆ ಬೇಕಾದ ಪೆಟ್ರೋಲು ಎತ್ತಿನ ಗಾಡಿಯಲ್ಲಿ ಬಂದಿತು! ಮುಂಬಯಿಯಿಂದ ಅವರ ಸಹೋದ್ಯೋಗಿ ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಅಂಚೆಯನ್ನು ಒಯ್ದರು. ಹೀಗೆ ಚಿತ್ರದುರ್ಗದ ನೆರೆಯ ಸೀಮೆಗೆ ಬಾನಂಚೆ ಬಂದಿಳಿಯಿತು. ಈ ಕಿರುಸೇವೆಯೇ ಬೆಳೆದು 1946ರಲ್ಲಿ ಏರ್ ಇಂಡಿಯಾ ಎನಿಸಿತು.

1982ರಲ್ಲಿ, ತಮ್ಮ 78ನೆಯ ವಯಸ್ಸಿನಲ್ಲಿ, ಜೆ. ಆರ್. ಡಿ. ಕರಾಚಿಯಿಂದ ಮುಂಬಯಿಗೆ ಮತ್ತೆ ಹಾರಿ ಆ ಮೊದಲ ಯಾನದ ನೆನಪನ್ನು ಹಸಿರುಗೊಳಿಸಿದರು. 1992ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ಸಂದಿತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ಅವರು ನಿಧನರಾದರು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ 2017ರಲ್ಲಿ ವಿಮಾನಗಳ ಪರೀಕ್ಷಾಕೇಂದ್ರವೊಂದು ಉದ್ಘಾಟನೆಗೊಂಡಿತು. ಎತ್ತಿನ ಗಾಡಿ ಇಂಧನ ತಂದ ಕಾಲದಿಂದ ನಾಡು ಬಹುದೂರ ಸಾಗಿ ಬಂದಿದೆ. ವೇಗದ ದಾಖಲೆಗಳನ್ನು ಮುಂದಿನವರು ಮುರಿಯುತ್ತಾರೆ. ಎದುರಾಳಿಯ ಕಷ್ಟಕ್ಕೆ ಒದಗಿದ ಔದಾರ್ಯ ಮಾತ್ರ ಮುರಿಯಲಾಗದ ದಾಖಲೆಯಾಗಿ ಉಳಿಯುತ್ತದೆ.